ರಚ್ಚು ಒಣಗುವ ಹೊತ್ತು

ಪುಷ್ಯ ಮಾಸದ ಬೆಳಗ್ಗೆ ಶೀಳನೆರೆಯಲ್ಲಿ ಬಸ್ಸಿಳಿದವರು ಆಲೆಮನೆ ಎಲ್ಲಿ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಮೂಗೇ ದಾರಿ ತೋರಿಸುತ್ತದೆ. ಮಂಜು ಇನ್ನೂ ತೆಂಗಿನ ಗರಿಗಳಿಂದ ಇಳಿದಿರುವುದಿಲ್ಲ. ಮೇಲುಕೋಟೆ ಕಡೆಯ ಬೆಟ್ಟಸಾಲು ಬೂದಿ ಬಳಿದ ಹಾಗೆ ಮಸುಕಾಗಿರುತ್ತದೆ. ಅಷ್ಟರಲ್ಲಿ ಕಬ್ಬಿನ ಗದ್ದೆಗಳ ಆಚೆಯಿಂದ ಬಿಸಿ ಪಾಕದ ಘಮ ಬಂದು ಹೊಟ್ಟೆಯನ್ನು ಕೆಣಕುತ್ತದೆ. ಸಂಕ್ರಾಂತಿಗೆ ಇನ್ನು ವಾರವಿದ್ದರೆ ಕೇಳುವುದೇ ಬೇಡ. ನಾಡಿನ ಅರ್ಧ ಮನೆಗಳ ಎಳ್ಳುಬೆಲ್ಲದ ಬೆಲ್ಲ ಈ ಮಂಡ್ಯ ಸೀಮೆಯ ಕೊಪ್ಪರಿಗೆಗಳಲ್ಲೇ ಕುದಿಯುತ್ತಿದೆಯೇನೋ ಅನ್ನಿಸುತ್ತದೆ.

ಏರಿಯ ಮೇಲೆ ನಿಂತರೆ ಎರಡು ಕೊಳವೆ ಕಾಣುತ್ತವೆ. ಒಂದರ ಬಾಯಲ್ಲಿ ಹೊಗೆ ಇದೆಯೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡಬೇಕು. ಅದರ ಕೆಳಗಿನ ಚಾವಣಿಯ ಸಂದಿಯಿಂದ ಮಾತ್ರ ಬಿಳಿ ಹಬೆ ಹತ್ತಿಯಂತೆ ಬಿಚ್ಚಿಕೊಳ್ಳುತ್ತಿರುತ್ತದೆ. ಇನ್ನೊಂದು ದೂರದ್ದು. ಅದರ ಬಾಯಿಂದ ಕಪ್ಪು ಸುರುಳಿ ಎದ್ದು, ಮಂಜಿನ ಭಾರಕ್ಕೆ ಮೇಲೇರಲಾರದೆ, ಗದ್ದೆಯ ಮೇಲೆ ಅಡ್ಡಡ್ಡ ಮಲಗುತ್ತದೆ. ಎರಡೂ ಕಡೆ ಅರೆಯುವುದು ಒಂದೇ ಕಬ್ಬು, ಮಾರುವುದು ಮಂಡ್ಯದ ಒಂದೇ ಮಾರುಕಟ್ಟೆಗೆ. ನಾನು ಬಿಳಿ ಹಬೆಯ ಕಡೆ ನಡೆದೆ.

ಆಲೆಮನೆಗಿಂತ ಮೊದಲು ಸಿಗುವುದು ಅದರ ಅಂಗಳ. ಅರ್ಧ ಎಕರೆಯಷ್ಟು ಜಾಗದಲ್ಲಿ ಹಾಲು ಹಿಂಡಿದ ಕಬ್ಬಿನ ಸಿಪ್ಪೆಯನ್ನು ಹರಡಿದ್ದರು. ಈ ಸೀಮೆಯವರು ಅದನ್ನು ರಚ್ಚು ಅನ್ನುತ್ತಾರೆ. ಕಬ್ಬಿನ ರಸ ಅವರಿಗೆ ರಸವಲ್ಲ, ಹಾಲು. ಗಾಣದ ಬುಡದಲ್ಲಿ ನಿನ್ನೆಯ ರಚ್ಚು ಹಸಿಯಾಗಿ, ಕೈಲಿ ಹಿಂಡಿದರೆ ತೇವ ಅಂಟುವಂತಿತ್ತು. ಮುಂದೆ ಹೋದಂತೆ ಅದರ ಬಣ್ಣ ತಿಳಿಯಾಗುತ್ತ, ಕೊನೆಯ ಸಾಲಿನಲ್ಲಿ ಬೆಳ್ಳಗೆ, ಗರಿಗರಿಯಾಗಿ, ಕಾಲಿಟ್ಟರೆ ಹಪ್ಪಳದಂತೆ ಮುರಿಯುತ್ತಿತ್ತು. ಇಬ್ಬರು ಹೆಂಗಸರು ಕವೆಗೋಲಿನಲ್ಲಿ ಅದನ್ನು ಮಗುಚುತ್ತಿದ್ದರು. ಕಣದಲ್ಲಿ ರಾಗಿ ಹುಲ್ಲು ಮಗುಚುವ ಕೈಗಳ ಲಯವೇ ಇಲ್ಲೂ.

“ಸಾ, ಅಲ್ ನಿಂತ್ಕಬ್ಯಾಡಿ, ಒಣಗಿರೋದ ತುಳ್ದು ಪುಡಿ ಮಾಡ್ತೀರಿ,” ಎಂದು ಒಲೆಯ ಬಾಯಿಂದ ಕೂಗಿದವರು ಅರವತ್ತು ದಾಟಿದ ಯಜಮಾನರು. ಉರಿ ಹಾಕುವುದು ಅವರ ಕೆಲಸ. ಹೆಸರು ಕೇಳಿದರೆ ನಕ್ಕು, “ಒಲೇವ್ನು ಅನ್ನಿ, ಊರ್ಗೆಲ್ಲ ಗೊತ್ತು,” ಎಂದರು.

ಅವರು ಕುಳಿತಿದ್ದ ಗುಳಿ ನೆಲಮಟ್ಟಕ್ಕಿಂತ ತಗ್ಗಿನಲ್ಲಿತ್ತು. ಎದುರಿಗೆ ಒಂದು ಮೊಳದ ಬಾಯಿ. ಒಳಗೆ ಕಿತ್ತಳೆಯೂ ಅಲ್ಲದ, ಹಳದಿಯೂ ಅಲ್ಲದ, ಬೆಳ್ಳಗೆ ಕುದಿಯುವ ಬೆಂಕಿ. ಅವರು ಒಂದು ತೆಕ್ಕೆ ರಚ್ಚನ್ನು ಒಮ್ಮೆಗೇ ನೂಕುವುದಿಲ್ಲ. ಒಂದು ಹಿಡಿ, ಸ್ವಲ್ಪ ಹೊತ್ತು, ಮತ್ತೊಂದು ಹಿಡಿ. ಪ್ರತಿ ಸಲ ತಲೆ ಹೊರಗೆ ಹಾಕಿ ಕೊಳವೆಯ ಬಾಯಿಯನ್ನು ನೋಡುತ್ತಾರೆ. ಯಾಕೆ ನೋಡುತ್ತೀರಿ ಎಂದೆ.

“ಒಗೆ ಅಂದ್ರೆ ಏನ್ ಸಾ? ಉರೀದೆ ಓದ ಸೌದೆ. ಅದು ಮ್ಯಾಕೋದಷ್ಟೂ ನಮ್ ದುಡ್ಡೇ ಮ್ಯಾಕೋಯ್ತದೆ.”

ಇಂಗಾಲದ ಬಗ್ಗೆ ನಾನು ಓದಿದ ವರದಿಗಳ ಒಂದು ಗಂಟನ್ನು ಆ ಗುಳಿಯಲ್ಲೇ ಇಳಿಸಿ ಬರಬಹುದಿತ್ತು.

ಅವರ ಮಾತಿನ ಲೆಕ್ಕ ಬಿಡಿಸಿ ನೋಡೋಣ. ಒಂದು ಟನ್ ಕಬ್ಬನ್ನು ಮೂರು ಉರುಳೆಯ ಗಾಣಕ್ಕೆ ಕೊಟ್ಟರೆ 600ರಿಂದ 650 ಕೆ.ಜಿ. ಹಾಲು ಇಳಿಯುತ್ತದೆ, ಉಳಿದದ್ದು ಹಸಿ ರಚ್ಚು. ಹಾಲಿನಿಂದ ಸಿಗುವ ಬೆಲ್ಲ ಒಂದು ಕ್ವಿಂಟಲ್ ಆಸುಪಾಸು. ಅಂದರೆ ಟನ್ ಕಬ್ಬಿಗೆ ಅರ್ಧ ಟನ್ನಿನಷ್ಟು ನೀರನ್ನು ಬರೀ ಬೆಂಕಿಯಿಂದ ಆಕಾಶಕ್ಕೆ ಕಳಿಸಬೇಕು. ಬೆಲ್ಲ ಮಾಡುವುದೆಂದರೆ ಮುಕ್ಕಾಲುಪಾಲು ನೀರು ಓಡಿಸುವ ಕೆಲಸ. ಇಷ್ಟಕ್ಕೆ ಆ ಕಬ್ಬಿನದೇ ರಚ್ಚು ಸಾಕೆ? ಚೆನ್ನಾಗಿ ಒಣಗಿದ್ದರೆ, ಒಲೆ ತನ್ನ ಬಿಸಿಯಲ್ಲಿ ನೂರಕ್ಕೆ ನಲವತ್ತರಷ್ಟನ್ನಾದರೂ ಕೊಪ್ಪರಿಗೆಗೆ ಮುಟ್ಟಿಸಿದರೆ, ಸಾಕು. ಅದಕ್ಕಿಂತ ಮೇಲೆ ಮುಟ್ಟಿಸಿದರೆ ರಚ್ಚು ಮಿಗುತ್ತದೆ. ಮಿಕ್ಕಿದ್ದನ್ನು ಬಾಯ್ಲರು ಇರುವವರು ಕೊಳ್ಳುತ್ತಾರೆ. ನಲವತ್ತಕ್ಕಿಂತ ಕೆಳಗಿಳಿದರೆ ಸಾಲದೆ ಬರುತ್ತದೆ, ಹೊರಗಿನಿಂದ ಏನನ್ನಾದರೂ ತಂದು ಉರಿಸಲೇಬೇಕು. ಹಸಿ ರಚ್ಚಿನ ಕತೆಯಂತೂ ಬೇರೆಯೇ. ಅದರ ತೂಕದಲ್ಲಿ ಅರ್ಧ ನೀರೇ ಇರುವುದರಿಂದ ಬೆಂಕಿ ಮೊದಲು ಸೌದೆಯ ನೀರನ್ನು ಕುದಿಸಿ, ಆಮೇಲೆ ಕಬ್ಬಿನ ಹಾಲಿನ ಕಡೆ ತಿರುಗಬೇಕು. ಹೊಟ್ಟೆಗಿಲ್ಲದ ಆಳಿನಿಂದ ಗೇಯಿಸಿದ ಹಾಗೆ.

ಒಳಗೆ ಮೂರು ಜನ ಕೊಪ್ಪರಿಗೆಯ ಸುತ್ತ ಇದ್ದರು. ಒಬ್ಬ ಇಲ್ಲಿಯವನೇ, ಇಬ್ಬರು ಉತ್ತರ ಪ್ರದೇಶದಿಂದ ಬಂದ ಹುಡುಗರು. ಮಂಡ್ಯದ ಆಲೆಮನೆಗಳಲ್ಲಿ ಈಗ ಇದು ಹೊಸದಲ್ಲ. ಅಲ್ಲಿನ ಗುಡದ ಕೈ ಇಲ್ಲಿನ ಬೆಲ್ಲದ ಅಚ್ಚಿಗೆ ಒಗ್ಗಿಹೋಗಿದೆ. “ಉರಿ ಕಮ್ಮಿ ಮಾಡು” ಅನ್ನುವಷ್ಟು ಕನ್ನಡವೂ ಅವರಿಗೆ ಬಂದಿದೆ. ಹಾಲು ಮೊದಲು ಬೂದು ಬಣ್ಣದಲ್ಲಿ ತಣ್ಣಗೆ ನಿಂತಿರುತ್ತದೆ. ಸ್ವಲ್ಪ ಸುಣ್ಣದ ತಿಳಿ ಬೀಳುತ್ತದೆ. ಬೆಂಡೆಗಿಡದ ಕಾಂಡ ಜಜ್ಜಿ ನೆನೆಸಿದ ಲೋಳೆಯನ್ನು ಸುರಿದರೆ ಕಸವೆಲ್ಲ ಅದಕ್ಕೆ ಅಂಟಿ ಮೇಲೆ ತೇಲಿ ಬರುತ್ತದೆ. ಆ ಮಡ್ಡಿಯನ್ನು ಜಾಲರಿಯಲ್ಲಿ ಎತ್ತಿ ಎತ್ತಿ ಹಾಕಿದಂತೆ ಹಾಲು ತಿಳಿಯಾಗಿ, ಚಿನ್ನದ ಬಣ್ಣಕ್ಕೆ ಬಂದು, ಕುದಿ ಏರಿ ನೊರೆ ಉಕ್ಕುತ್ತದೆ. ಒಂದು ಚಮಚ ಹರಳೆಣ್ಣೆ ಚಿಮುಕಿಸಿದರೆ ಅಷ್ಟೆತ್ತರದ ನೊರೆ ತಟ್ಟನೆ ಕುಸಿಯುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಮಾಟದಂತೆಯೇ ಕಾಣುತ್ತದೆ.

ಪಾಕ ಬಂತೋ ಇಲ್ಲವೋ ನೋಡಲು ತಾಪಮಾಪಕ ಬೇಕಿಲ್ಲ. ಒಂದು ಬಟ್ಟಲು ತಣ್ಣೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉರುಟಿದರೆ ಉಂಡೆ ಕಟ್ಟಬೇಕು. ಆಗ ಕೊಪ್ಪರಿಗೆಯ ಬಿಸಿ 115 ಡಿಗ್ರಿಯ ಆಚೀಚೆ. ಕೊನೆಯ ಹತ್ತು ನಿಮಿಷದಲ್ಲಿ ಒಲೆಯವರು ಮತ್ತು ಪಾಕದವರ ನಡುವೆ ಕೂಗಾಟ ಏರುತ್ತದೆ. ಉರಿ ಹೆಚ್ಚಾದರೆ ತಳ ಹಿಡಿಯುತ್ತದೆ. ಕಡಿಮೆಯಾದರೆ ಪಾಕ ಎಳೆದಾಡಿ ಕಪ್ಪಾಗುತ್ತದೆ. ಈ ಎರಡನೆಯ ಮಾತನ್ನು ಗಮನಿಸಬೇಕು. ಹಾಲು ಹೆಚ್ಚು ಹೊತ್ತು ಬೆಂಕಿಯ ಮೇಲೆ ಇದ್ದಷ್ಟೂ ಬೆಲ್ಲದ ಬಣ್ಣ ಕಂದುತ್ತದೆ. ಮಾರುಕಟ್ಟೆಯಲ್ಲಿ ವರ್ತಕನ ಕಣ್ಣು ಮೊದಲು ಬೀಳುವುದು ಬಣ್ಣದ ಮೇಲೆ. ಅಚ್ಚು ಬೆಲ್ಲವಾಗಲಿ, ಬಕೆಟ್ ಬೆಲ್ಲವಾಗಲಿ, ಕುರಿಕಾಲಚ್ಚಾಗಲಿ, ಹಳದಿ ಬಿಳುಪಿಗೆ ಒಂದು ರೇಟು, ಕಂದಿಗೆ ಇನ್ನೊಂದು. ಹಸಿ ರಚ್ಚಿನ ಮಂದ ಉರಿಯಲ್ಲಿ ತೆಗೆದ ಪಾಕ ಕಂದಾಗುತ್ತದೆ. ಕಂದನ್ನು ಬೆಳ್ಳಗೆ ಮಾಡಲು ಗಂಧಕದ ಅಂಶವಿರುವ ಹೈಡ್ರೋಸ್ ಪುಡಿ ಬೀಳುತ್ತದೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ 70 ಪಿಪಿಎಂ ಮೀರಬಾರದು ಎನ್ನುವುದು ಆಹಾರ ಸುರಕ್ಷತೆಯ ನಿಯಮ. ಆ ಪುಡಿಯನ್ನು ಅಳೆದು ಹಾಕುವವರನ್ನು ನಾನು ಹೆಚ್ಚು ಕಂಡಿಲ್ಲ. ಕೊಳವೆಯ ಕಪ್ಪಿಗೂ ಬೆಲ್ಲದ ಬಿಳುಪಿಗೂ ಇರುವ ನಂಟು ಹೀಗೆ ಸುತ್ತು ಬಳಸಿದ್ದು, ಆದರೆ ಗಟ್ಟಿಯಾದದ್ದು.

ಕೊಪ್ಪರಿಗೆಯನ್ನು ಎತ್ತಿ ತೊಟ್ಟಿಗೆ ಮಗುಚಿದಾಗ ಹುಡುಗನೊಬ್ಬ ಅಂಚಿನಲ್ಲಿ ಉಳಿದದ್ದನ್ನು ಬಾಳೆ ಎಲೆಗೆ ಬಳಿದು ನನ್ನ ಕೈಗಿತ್ತ. ಆಲೆಮನೆಗೆ ಬಂದವರನ್ನು ಬಾಯಿ ಸಿಹಿ ಮಾಡದೆ ಕಳಿಸಬಾರದೆಂಬ ರೂಢಿಯನ್ನು ಗೋರಖಪುರದ ಕಡೆಯ ಹುಡುಗನೂ ಕಲಿತಿದ್ದಾನೆ.

ಈಗ ಆ ಕಪ್ಪು ಹೊಗೆಯ ಕೊಳವೆಯ ಮಾತು. ಟೈರು, ಪ್ಲಾಸ್ಟಿಕ್, ಹಳೆಯ ಚಪ್ಪಲಿಯ ರಬ್ಬರು ತಂದು ಉರಿಸುವ ಆಲೆಮನೆಗಳ ಸುದ್ದಿ ಮಂಡ್ಯ ಜಿಲ್ಲೆಯ ಪತ್ರಿಕೆಗಳಿಗೆ ಹಳೆಯದು. ಅಧಿಕಾರಿಗಳು ಬಂದು ಎಚ್ಚರಿಸಿ ಹೋಗುವುದೂ ಹಳೆಯದೇ. ಬೈದು ಸುಮ್ಮನಾಗುವುದು ಸುಲಭ. ಆದರೆ ಒಲೆಯ ಯಜಮಾನರು ಬೈಯಲಿಲ್ಲ. “ಆಸಾಡದಾಗೆ ಬಂದು ನೋಡಿ ಸಾ. ಎಂಟ್ ದಿನ ಬಿಸ್ಲೇ ಇರಕಿಲ್ಲ. ರಚ್ಚು ಮುಗ್ಗುಲು ಇಡೀತದೆ. ಗದ್ದೇಲಿ ಕಬ್ಬು ಕಡ್ದು ಮಡಗಿರ್ತೀವಿ, ಅದು ಕಾಯ್ತದಾ?” ಕಾಯುವುದಿಲ್ಲ. ಕಡಿದ ಕಬ್ಬಿನ ಸಕ್ಕರೆ ದಿನದಿಂದ ದಿನಕ್ಕೆ ಇಳಿಯುತ್ತದೆ. ಕೂಲಿಯವರ ದಿನಗೂಲಿ, ಆಲೆಮನೆಯ ಬಾಡಿಗೆ, ಮುಂಗಡ ಕೊಟ್ಟ ವರ್ತಕನ ಫೋನು, ಯಾವುದೂ ಬಿಸಿಲಿಗಾಗಿ ಕಾಯುವುದಿಲ್ಲ. ಆಗ ಗುಜರಿಯವನ ಗಾಡಿಯೊಂದು ಬಂದು ನಿಲ್ಲುತ್ತದೆ.

ಇಂಗಾಲದ ಲೆಕ್ಕದಲ್ಲಿ ಈ ಎರಡು ಬೆಂಕಿಗಳು ಬೇರೆ ಬೇರೆ ಜಾತಿಯವು. ರಚ್ಚು ಉರಿದಾಗ ಹೊರಬರುವ ಇಂಗಾಲವನ್ನು ಹೋದ ವರ್ಷದ ಕಬ್ಬು ಇದೇ ಗಾಳಿಯಿಂದ ಎಳೆದುಕೊಂಡಿತ್ತು; ಬರುವ ವರ್ಷದ ಕೂಳೆ ಮತ್ತೆ ಎಳೆದುಕೊಳ್ಳುತ್ತದೆ. ಕೈಬದಲಿನ ಸಾಲ ಅದು. ಟೈರಿನದು ಬಹುಪಾಲು ನೆಲದಾಳದ ಎಣ್ಣೆಯ ಇಂಗಾಲ. ಕೋಟ್ಯಂತರ ವರ್ಷ ಮುಚ್ಚಿಟ್ಟಿದ್ದನ್ನು ಒಂದು ಕೊಪ್ಪರಿಗೆ ಬೆಲ್ಲಕ್ಕಾಗಿ ಬಿಚ್ಚಿದ ಹಾಗೆ. ಹಾಗೆಂದು ರಚ್ಚಿನ ಬೆಂಕಿ ತಾನಾಗಿಯೇ ಶುದ್ಧ ಅನ್ನಲೂ ಬಾರದು. ಗಾಳಿ ಸಾಲದೆ ಹೊಗೆಯಾಡಿದರೆ ಅದರಲ್ಲೂ ಮಸಿ ಇದೆ, ಮಸಿಗೂ ಭೂಮಿಯನ್ನು ಬಿಸಿ ಮಾಡುವ ಗುಣವಿದೆ. ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ತರಗಿಗೆ ಕಡ್ಡಿ ಗೀರುವುದಂತೂ ಯಾರ ಲೆಕ್ಕಕ್ಕೂ ಸೇರದ ಬೆಂಕಿ. ಸೋಗೆ ದನಕ್ಕೆ ಹೋಗುತ್ತದೆ, ತರಗು ಬೆಂಕಿಗೆ. ಅದನ್ನು ಸಾಲಿನಲ್ಲೇ ಮುಚ್ಚಿಗೆಯಾಗಿ ಬಿಟ್ಟವರ ಕೂಳೆ ಬೇಸಿಗೆಯಲ್ಲಿ ತೇವ ಹಿಡಿದುಕೊಳ್ಳುತ್ತದೆ ಎಂದು ಕೃಷಿ ವಿಜ್ಞಾನಿಗಳು ಎಷ್ಟು ವರ್ಷದಿಂದ ಹೇಳುತ್ತಿದ್ದಾರೋ.

ಖರ್ಚು ಉಳಿಸಲು ಹೊರಟು ಹೊಗೆಯೂ ಕಡಿಮೆಯಾದ ಕತೆ ಈ ಜಿಲ್ಲೆಗೆ ಹೊಸದೇನಲ್ಲ. 1902ರಲ್ಲಿ ಇದೇ ಜಿಲ್ಲೆಯ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ತೆಗೆದ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿಗೆ ಸೇರಿತು. ಅದಕ್ಕೆ ಮೊದಲು ಗಣಿಯ ಯಂತ್ರಗಳನ್ನು ಓಡಿಸಿದ್ದು ಹಬೆ. ಹಬೆಗೆ ಬೇಕಿದ್ದದ್ದು ಕಾಡಿನ ಸೌದೆ ಮತ್ತು ದೂರದಿಂದ ಬರುವ ಕಲ್ಲಿದ್ದಲು. ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಗೂ ಮೈಸೂರಿನ ದಿವಾನ್ ಶೇಷಾದ್ರಿ ಅಯ್ಯರ್ ಅವರಿಗೂ ಇಂಗಾಲದ ಚಿಂತೆ ಇರಲಿಲ್ಲ. ಔನ್ಸ್ ಚಿನ್ನಕ್ಕೆ ಬೀಳುವ ಖರ್ಚಿನ ಚಿಂತೆ ಇತ್ತು. ಬೇಸಿಗೆಯಲ್ಲಿ ನದಿ ಸೊರಗಿದಾಗ ಚಕ್ರ ನಿಲ್ಲಬಾರದೆಂಬ ಒತ್ತಡವೂ ಸೇರಿಯೇ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಕಟ್ಟೆ ಎದ್ದ ಮೇಲೆ ನಾಲೆ, ನಾಲೆಯ ಹಿಂದೆ ಕಬ್ಬು, ಕಬ್ಬಿನ ಹಿಂದೆ 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ, ಅಂದರೆ ಮೈಷುಗರ್. ಅದರ ಬೆನ್ನಿಗೆ ನಿಂತವರು ಕೆನಡಾದಿಂದ ಬಂದ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್. ನಾಡು ಅಗ್ಗದ ಶಕ್ತಿಯನ್ನು ಹುಡುಕಿಕೊಂಡು ಹೊರಟು, ಕಲ್ಲಿದ್ದಲಿಲ್ಲದ ದಾರಿಗೆ ಬಂದದ್ದು ಹೀಗೆ.

ಸಕ್ಕರೆ ಕಾರ್ಖಾನೆಯ ಬೆಂಕಿಯೂ ಒಂದು ಪಾಠ ಹೇಳುತ್ತದೆ. ಹಿಂದೆ ಕಾರ್ಖಾನೆಗಳಿಗೆ ರಚ್ಚು ತಲೆನೋವು. ಮಿಕ್ಕರೆ ರಾಶಿ ಹಾಕಲು ಜಾಗ ಬೇಕು, ಬೆಂಕಿ ಬಿದ್ದರೆ ಕಷ್ಟ. ಅದಕ್ಕೇ ಕಡಿಮೆ ಒತ್ತಡದ ಬಾಯ್ಲರುಗಳನ್ನಿಟ್ಟು, ಎಷ್ಟು ದುಂದಾಗಿ ಉರಿದರೆ ಅಷ್ಟು ಒಳ್ಳೆಯದೆಂದು ಉರಿಸುತ್ತಿದ್ದರು. ಮಿಕ್ಕ ವಿದ್ಯುತ್ತನ್ನು ಗ್ರಿಡ್‌ಗೆ ಮಾರಬಹುದು ಎಂದಾದ ಮೇಲೆ ಅದೇ ಕಸಕ್ಕೆ ಬೆಲೆ ಬಂತು. ಬಾಯ್ಲರಿನ ಒತ್ತಡ ಏರಿತು. ಅಷ್ಟೇ ರಚ್ಚಿನಿಂದ ಕಾರ್ಖಾನೆ ತನಗೂ ಉರಿಸಿಕೊಂಡು ಊರಿಗೂ ಕೊಡತೊಡಗಿತು. ಶೀಳನೆರೆಯ ರೈತರಿಗೆ ಹತ್ತಿರದ ದೊಡ್ಡ ಕೊಳವೆ ಇದೇ ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿಯ ಕೋರಮಂಡಲ್ ಸಕ್ಕರೆ ಕಾರ್ಖಾನೆಯದು. ಸಾಲು ಗಾಣಗಳಲ್ಲಿ ಬಿಸಿನೀರು ಚಿಮುಕಿಸುತ್ತ ಹಿಂಡುವ ಕಾರ್ಖಾನೆ ಕಬ್ಬಿನ ಸಕ್ಕರೆಯಲ್ಲಿ ನೂರಕ್ಕೆ ತೊಂಬತ್ತೈದರಷ್ಟನ್ನು ಹೊರತೆಗೆಯುತ್ತದೆ. ಆಲೆಮನೆಯ ಗಾಣ ಅದರ ಸಮಕ್ಕೆ ಬರುವುದೇ ಇಲ್ಲ. ರಚ್ಚಿನಲ್ಲಿ ಉಳಿದ ಸಿಹಿ ಒಲೆಯಲ್ಲಿ ಉರಿದುಹೋಗುತ್ತದೆ. ಹಾಗಿದ್ದರೂ ಆಲೆಮನೆ ಬದುಕಿದೆ, ಯಾಕೆಂದರೆ ಅದು ಕಬ್ಬು ಬಂದ ದಿನ ಅರೆಯುತ್ತದೆ, ಬೇಗ ದುಡ್ಡು ಕೊಡುತ್ತದೆ. 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ನ್ಯಾಯಯುತ ಮತ್ತು ಲಾಭದಾಯಕ ಬೆಲೆ (ಎಫ್‌ಆರ್‌ಪಿ) ಶೇ 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಕಾಗದದ ಮೇಲೆ ಅದು ಚೆಂದವೇ. ಆದರೆ ಪಾಂಡವಪುರದ ಸಹಕಾರಿ ಕಾರ್ಖಾನೆ ನಿಂತು, 2020ರಲ್ಲಿ 40 ವರ್ಷದ ಗುತ್ತಿಗೆಗೆ ಹೋಗುವವರೆಗೆ, ಮಂಡ್ಯದ ಮೈಷುಗರ್ 2022ರಲ್ಲಿ ಮತ್ತೆ ಗಾಣ ತಿರುಗಿಸುವವರೆಗೆ, ಒಣಗಿ ನಿಂತ ಕಬ್ಬಿನ ಎದುರು ಕೂತಿದ್ದವರಿಗೆ ಆಲೆಮನೆಯ ಈ ಮೊಳದಗಲದ ಬೆಂಕಿಯೇ ಬೆಂಬಲವಾಗಿತ್ತು.

ಹೊರದೇಶದಲ್ಲಿ ಹೊಗೆಗೆ ಬೆಲೆ ಕಟ್ಟುವ ಮಾತು ದೊಡ್ಡ ಹೆಸರು ಪಡೆದಿದೆ. ಇಂಗಾಲ ಹೆಚ್ಚು ಬಿಟ್ಟು ಮಾಡಿದ ಉಕ್ಕು, ಸಿಮೆಂಟು, ಅಲ್ಯೂಮಿನಿಯಂ, ಗೊಬ್ಬರಗಳಿಗೆ ಯುರೋಪಿನ ಒಕ್ಕೂಟ 2026ರ ಜನವರಿಯಿಂದ ಗಡಿಯಲ್ಲೇ ಬೆಲೆ ಕಟ್ಟುತ್ತಿದೆ. ತೋರಣಗಲ್ಲಿನ ಉಕ್ಕಿನವರು ಅದಕ್ಕೆ ತಲೆ ಕೆಡಿಸಿಕೊಳ್ಳಲೇಬೇಕು. ಭಾರತವೂ 2023ರಲ್ಲಿ ತನ್ನದೇ ಇಂಗಾಲ ಮಾರುಕಟ್ಟೆಯ ಯೋಜನೆಯನ್ನು ಪ್ರಕಟಿಸಿದೆ. ಯುರೋಪಿನ ಪಟ್ಟಿಯಲ್ಲಿ ಬೆಲ್ಲವಿಲ್ಲ. ಶೀಳನೆರೆಯ ಒಂದು ಒಲೆಯ ಹೊಗೆಯನ್ನು ಅಳೆಯಲು ಬರುವವನ ಕಾರಿನ ಪೆಟ್ರೋಲಿಗೇ ಆ ಒಲೆಯ ಇಂಗಾಲದ ಬೆಲೆ ಸರಿಹೋದೀತು. ಇಲ್ಲಿಗೆ ಬೇಕಾದದ್ದು ಬೇರೆ.

ಏನು ಬೇಕೆಂದು ತಿಳಿಯದೆ ಇಲ್ಲ. ಲಖನೌನ ಭಾರತೀಯ ಕಬ್ಬು ಸಂಶೋಧನಾ ಸಂಸ್ಥೆಯವರು ಕೊಪ್ಪರಿಗೆಯ ತಳಕ್ಕೆ ಲೋಹದ ರೆಕ್ಕೆಗಳನ್ನು ಬೆಸೆದು, ಉರಿಯಿಂದ ಹೆಚ್ಚು ಬಿಸಿ ಹೀರುವಂತೆ ಮಾಡಿ ತೋರಿಸಿದ್ದಾರೆ. ಒಂದೇ ಒಲೆಯ ಮೇಲೆ ಎರಡು-ಮೂರು ಕೊಪ್ಪರಿಗೆ ಸಾಲಾಗಿಟ್ಟು, ಕೊಳವೆಗೆ ಹೋಗುವ ಬಿಸಿಯಲ್ಲೇ ಮುಂದಿನ ಹಾಲನ್ನು ಕಾಯಿಸುವುದೂ ಇದೆ. ನಮ್ಮಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರ ಹಳ್ಳಿಯ ಅಡುಗೆಮನೆಗೆ ಅಸ್ತ್ರ ಒಲೆ ಕೊಟ್ಟಿತು. ಗಾಳಿ ಕೆಳಗಿನಿಂದ ಬರಲಿ, ಬೆಂಕಿ ಪಾತ್ರೆಯ ತಳ ಬಿಟ್ಟು ಓಡದಿರಲಿ ಎಂಬ ಅದರ ನೀತಿ ಇಲ್ಲಿಗೂ ಹೊಂದುತ್ತದೆ. ಬೆಲ್ಲದ ಬಗ್ಗೆ ಕೇಳುವವರಿಗೆ ಮಂಡ್ಯದ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರ ದೂರವಲ್ಲ. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಎಂದು ಮಂಡ್ಯಕ್ಕೆ ಬೆಲ್ಲವನ್ನೇ ಆರಿಸಿದ್ದೂ ಆಗಿದೆ.

ಆದರೆ ಈ ಅಂಗಳದಲ್ಲಿ ನಿಂತಾಗ ನನಗೆ ಕಂಡದ್ದು, ಆಲೆಮನೆಯ ಎಲ್ಲಕ್ಕಿಂತ ದೊಡ್ಡ ಯಂತ್ರ ಒಳಗಿನ ಗಾಣವಲ್ಲ, ಈ ಒಣಗುವ ಅಂಗಳ. ಅದಕ್ಕೆ ಮೋಟರಿಲ್ಲ, ಸಬ್ಸಿಡಿಯಿಲ್ಲ, ಯಾವ ಅರ್ಜಿಯಲ್ಲೂ ಅದರ ಹೆಸರಿಲ್ಲ. ಮಳೆಗಾಲಕ್ಕೆ ಮೊದಲೇ ಒಣಗಿಸಿ ಕೂಡಿಡಲು ಒಂದು ತಗಡಿನ ಸೂರು, ಆ ರಚ್ಚಿನಲ್ಲಿ ಸಿಕ್ಕಿಬಿದ್ದ ದುಡ್ಡನ್ನು ಎರಡು ತಿಂಗಳು ತಡೆದುಕೊಳ್ಳುವ ಕಸುವು, ಇವೆರಡಿದ್ದರೆ ಗುಜರಿಯವನ ಗಾಡಿ ಊರೊಳಗೆ ಬರುವುದಿಲ್ಲ. ಸ್ವಂತ ಆಲೆಮನೆಯವನಿಗೆ ಇದು ಸಾಧ್ಯ. ಮೂರು ತಿಂಗಳ ಬಾಡಿಗೆಗೆ ಹಿಡಿದವನಿಗೆ ಬರುವ ವರ್ಷದ ಸೌದೆಯ ಹಂಗೇಕೆ? ಅಗ್ಗದ ಸಕ್ಕರೆಯನ್ನೂ ಹಳೆಯ ಬೆಲ್ಲವನ್ನೂ ಕರಗಿಸಿ ಅಚ್ಚು ಹೊಡೆಯುವವನು ಅಷ್ಟು ನೀರು ಓಡಿಸುವ ಕಷ್ಟವನ್ನೇ ಪಡುವುದಿಲ್ಲ. ಅವನ ಬೆಲ್ಲ ಬೆಳ್ಳಗೂ ಇರುತ್ತದೆ, ಅಗ್ಗವೂ ಆಗುತ್ತದೆ. ಒಲೆಯ ಯಜಮಾನರ ಪೈಪೋಟಿ ಯುರೋಪಿನ ಜೊತೆಗಲ್ಲ, ಅವನ ಜೊತೆ.

“ನಿಮ್ ಬೆಂಗ್ಳೂರ್ನೋರು ಕಪ್ ಬೆಲ್ಲ ಕೇಳ್ತಾವ್ರಂತೆ, ದಿಟ್ವಾ ಸಾ?” ಎಂದರು ಅವರು.

ದಿಟ, ಕೆಲವರು ಕೇಳುತ್ತಾರೆ, ದುಪ್ಪಟ್ಟು ಕೊಡುತ್ತಾರೆ ಎಂದೆ.

“ಎಷ್ಟ್ ಜನ?”

ನಾನು ಉತ್ತರ ಹುಡುಕುತ್ತಿರುವಾಗಲೇ ಹೊರಗಿನಿಂದ ಹೆಂಗಸಿನ ಕೂಗು ಬಂತು. ಮೇಲುಕೋಟೆಯ ಕಡೆಯಿಂದ ಎದ್ದ ಮೋಡ ನೋಡನೋಡುತ್ತ ತೆಂಗಿನ ತೋಟದ ಮೇಲಕ್ಕೆ ಬಂದಿತ್ತು. ಪುಷ್ಯದಲ್ಲಿ ಮಳೆಯೇ? ಒಂದು ಹನಿ ನನ್ನ ಕನ್ನಡಕದ ಮೇಲೆ ಬಿತ್ತು. ಮರುಗಳಿಗೆ ಗಾಣ ನಿಂತಿತು. ಪಾಕದವನು ಗೋರೆ ಬಿಟ್ಟು ಓಡಿ ಬಂದ, ಗೋರಖಪುರದ ಹುಡುಗರು ನೀಲಿ ಟಾರ್ಪಾಲಿನ ಎರಡು ತುದಿ ಹಿಡಿದು ಹಾರಿದರು, ಹೆಂಗಸರು ಕವೆಗೋಲಿನಲ್ಲಿ ಬೆಳ್ಳಗಿನ ಸಾಲನ್ನು ಗುಡ್ಡೆಗೆ ನೂಕತೊಡಗಿದರು. ಒಲೆಯ ಯಜಮಾನರು ಗುಳಿಯಿಂದ ಎದ್ದು ನನ್ನ ಕಡೆ ತಿರುಗಿ, “ಸಾ, ಬ್ಯಾಗು ಅಲ್ ಮಡಗಿ, ಈ ಕಡೆ ತುದಿ ಇಡ್ಕಳಿ,” ಎಂದರು. ನಾನು ಚಪ್ಪಲಿ ಬಿಟ್ಟು ಟಾರ್ಪಾಲು ಹಿಡಿದೆ. ಕಾಲಡಿ ಒಣರಚ್ಚು ಪುಡಿಯಾಗುತ್ತಿತ್ತು. ಈ ಸಲ ಅವರು ಏನೂ ಅನ್ನಲಿಲ್ಲ.